ಚಾರ್ಮಾಡಿ ಇಳಿದರೆ ಮುಂದಿನ ಚಕ್ರದಲ್ಲಿ ಹೊಗೆ: ನನ್ನ ಹಳೇ ಪಿಕಪ್‌ಗೆ ಬ್ರೇಕ್ ಬಂದ ಕಥೆ

ನನ್ನದು 2009ರ ಬೊಲೆರೊ ಪಿಕಪ್. ಮೀಟರ್ ಮೂರು ಲಕ್ಷ ದಾಟಿ ಯಾವ ಕಾಲ ಆಯ್ತೋ. ವಾರಕ್ಕೆ ಮೂರು ಸಲ ಚಿಕ್ಕಮಗಳೂರು ಕಡೆಯಿಂದ ಎಲೆಕೋಸು, ಬೀನ್ಸ್ ತುಂಬಿಕೊಂಡು ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗುತ್ತೇನೆ. ಬರುವಾಗ ಹೆಚ್ಚಾಗಿ ಖಾಲಿ. "ಈ ಗಾಡಿಗೆ ಇನ್ನು ಬ್ರೇಕ್ ಬರಲ್ಲ, ಮಾರಿಬಿಡು" ಅಂದವರು ಒಬ್ಬಿಬ್ಬರಲ್ಲ. ಈಗ ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ತೊಂದರೆ ಏನಂದ್ರೆ, ಕೊಟ್ಟಿಗೆಹಾರದಲ್ಲಿ ಟೀ ಕುಡಿದು ಹೊರಟಾಗ ಬ್ರೇಕ್ ಚೆನ್ನಾಗೇ ಇರುತ್ತಿತ್ತು. ಅಣ್ಣಪ್ಪ ಸ್ವಾಮಿ ಗುಡಿ ದಾಟಿ ಇನ್ನಷ್ಟು ತಿರುವು ಇಳಿಯುವಷ್ಟರಲ್ಲಿ ಲೈನರ್ ಸುಟ್ಟ ವಾಸನೆ. ಪೆಡಲ್ ಗಟ್ಟಿಯಾಗೇ ಇದೆ, ಗಾಡಿ ಮಾತ್ರ ನಿಲ್ಲಲ್ಲ. ಕೆಳಗೆ ಬಂದು ನೋಡಿದರೆ ಮುಂದಿನ ಎರಡೂ ಚಕ್ರದಿಂದ ಹೊಗೆ. ನ್ಯೂಟ್ರಲ್ ಹಾಕಿ ಇಳಿಸುವವನು ನಾನಲ್ಲ, ಸೆಕೆಂಡ್ ಗೇರಲ್ಲೇ ಇಳಿಸುತ್ತೇನೆ. ಎಂಟು ತಿಂಗಳಲ್ಲಿ ಮುಂದಿನ ಪ್ಯಾಡ್ ಎರಡು ಸೆಟ್ ಮುಗಿಯಿತು.

ದುಡ್ಡು ಹೋದ ಲೆಕ್ಕ ಹೇಳಿಬಿಡುತ್ತೇನೆ, ನೆನಪಿದ್ದಷ್ಟು. ಪ್ಯಾಡ್ ಎರಡು ಸೆಟ್ ಸೇರಿ ಮೂರೂವರೆ ಸಾವಿರ. ಹಿಂದಿನ ಶೂ ಹೊಸದು, ಡ್ರಮ್ ಲೇತ್‌ಗೆ ಕೊಟ್ಟು ಉಜ್ಜಿಸಿದ್ದು, ಎರಡೂ ಸೇರಿ ಎರಡೂಕಾಲು. ಒಬ್ಬರು, ಕಾಲಿನ ಒತ್ತಡಕ್ಕೆ ಬಲ ಕೊಡುವ ಬೂಸ್ಟರ್ ಹೋಗಿದೆ ಅಂದರು, ನಾಲ್ಕು ಸಾವಿರದ ಮೇಲೆ. ಇದು ನನ್ನದೇ ಪೆದ್ದತನ. ಇಂಜಿನ್ ಆಫ್ ಮಾಡಿ ಪೆಡಲ್ ನಾಲ್ಕೈದು ಸಲ ತುಳಿದು, ಒತ್ತಿ ಹಿಡಿದು ಸ್ಟಾರ್ಟ್ ಮಾಡಿದರೆ ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು, ಅಲ್ವಾ? ನನ್ನದು ಚೆನ್ನಾಗೇ ಇಳಿಯುತ್ತಿತ್ತು. ಅಂದ್ರೆ ಬೂಸ್ಟರೂ ಸರಿ, ಅದನ್ನು ನಡೆಸುವ, ಆಲ್ಟರ್ನೇಟರ್ ಹಿಂದಿನ ವ್ಯಾಕ್ಯೂಮ್ ಪಂಪೂ ಸರಿ. ಗೊತ್ತಿದ್ದೂ ಹಾಕಿಸಿದೆ. ಆಮೇಲೆ ಪೆಡಲ್ ತುಳಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್, ಅದೊಂದು ಮೂರು ಸಾವಿರ. ಕೂಲಿ ಎಲ್ಲ ಸೇರಿ ಹದಿನೈದರ ಹತ್ತಿರ. ಗಾಡಿ ಎಲ್ಲಿತ್ತೋ ಅಲ್ಲೇ.

ನಡುವೆ ಒಂದು ಪ್ರಯೋಗ. ಹಳೇ ಬ್ರೇಕ್ ಆಯಿಲ್ ನೀರು ಹಿಡಿದಿರಬಹುದು ಅಂತ ಅನುಮಾನ ಬಂತು. ಸ್ಟೀಲ್ ಸೌಟಿನಲ್ಲಿ ಎರಡು ಚಮಚದಷ್ಟು ಹಳೇದು, ಇನ್ನೊಂದರಲ್ಲಿ ಹೊಸದು, ಎರಡನ್ನೂ ಹಿತ್ತಲಲ್ಲಿ ಎಲೆಕ್ಟ್ರಿಕ್ ಒಲೆ ಮೇಲೆ ಇಟ್ಟೆ. ಹಳೇದು ಎಷ್ಟೋ ಮೊದಲೇ ಗುಳ್ಳೆ ಎಬ್ಬಿಸಿತು. ನಾನು ಹಾಕುವ ದರ್ಜೆಯ ಆಯಿಲ್, ಹೊಸ ಡಾಟ್ 4 ಅಂದ್ರೆ 230 ಡಿಗ್ರಿವರೆಗೆ ಕುದಿಯಬಾರದು, ನೀರು ಹಿಡಿದರೆ 155ಕ್ಕೇ ಕುದಿಯಬಹುದು. ಆಯಿಲ್ ಬದಲಾಯಿಸಿದೆ, ಪೆಡಲ್ ಇನ್ನಷ್ಟು ಗಟ್ಟಿಯಾಯಿತು, ಹೊಗೆ ನಿಲ್ಲಲಿಲ್ಲ. ಸೌಟು ಎರಡೂ ಮನೆಯವಳು ಹೊರಗೆ ಎಸೆದಳು, ಅದು ಸರಿಯೇ, ಅಡುಗೆಗೆ ಮತ್ತೆ ಬಳಸುವ ಹಾಗಿಲ್ಲ. ನೀವು ಮಾಡಬೇಡಿ, ಬೆಂಕಿ ಹತ್ತುವ ವಸ್ತು.

ಕೊನೆಗೆ ದಾರಿ ತೋರಿಸಿದ್ದು ಒಂಬೈನೂರು ರೂಪಾಯಿಯ ಟೆಂಪರೇಚರ್ ಗನ್. ಗ್ಯಾರೇಜಿನಲ್ಲಿ ಎಲ್ಲರೂ ನಕ್ಕರು, "ಏನ್ ಗುರು, ಗಾಡಿಗೆ ಜ್ವರನಾ?" ಅಂತ. ಘಾಟಿ ಇಳಿದು ನಿಲ್ಲಿಸಿದ ತಕ್ಷಣ ನಾಲ್ಕೂ ಚಕ್ರಕ್ಕೆ ಹಿಡಿದೆ. ಮುಂದಿನ ಡಿಸ್ಕ್ 300ರ ಆಸುಪಾಸು, ಹಿಂದಿನ ಡ್ರಮ್ 70 ಅಷ್ಟೇ. ಗನ್ನನ್ನು ಡಿಸ್ಕಿನ ಹೊಳೆಯುವ ಮುಖಕ್ಕೆ ಹಿಡಿದರೆ ಸುಳ್ಳು ಹೇಳುತ್ತದೆ, ಕಡಿಮೆ ತೋರಿಸುತ್ತದೆ. ತುಕ್ಕು ಹಿಡಿದ ಅಂಚಿಗೆ ಹಿಡಿಯಬೇಕು. ಇದು ಗೊತ್ತಾಗದೆ ಮೊದಲ ಎರಡು ಟ್ರಿಪ್ ಸುಮ್ನೆ ಹಾಳಾಯಿತು.

ಹಿಂದಿನ ಬ್ರೇಕ್ ಕೆಲಸವೇ ಮಾಡುತ್ತಿಲ್ಲ! ಶೂ ಹೊಸದು, ವೀಲ್ ಸಿಲಿಂಡರ್ ಲೀಕ್ ಇಲ್ಲ, ಆಕ್ಸಲ್ ಸೀಲಿಂದ ಆಯಿಲ್ ಬಂದಿಲ್ಲ, ಅಡ್ಜಸ್ಟ್‌ಮೆಂಟ್ ನಾನೇ ಮಾಡಿದ್ದು. ಮತ್ತೇನು? ಗಾಡಿ ಕೆಳಗೆ ಮಲಗಿಕೊಂಡು ನೋಡುವಾಗ ಕಂಡಿತು, ಚಾಸಿಗೆ ಕೂತಿರುವ ಲೋಡ್ ವಾಲ್ವ್. ಎಲ್‌ಎಸ್‌ಪಿವಿ ಅನ್ನುತ್ತಾರಲ್ಲ, ಅದು. ಲೋಡಿಗೆ ಹಿಂಭಾಗ ಎಷ್ಟು ಕೂತಿದೆ ಅಂತ ಆಕ್ಸಲಿಗೆ ಸೇರಿದ ಲಿಂಕ್ ರಾಡಿನಿಂದ ತಿಳಿದು, ಹಿಂದಿನ ಬ್ರೇಕಿಗೆ ಪ್ರೆಷರ್ ಹೆಚ್ಚು ಕಡಿಮೆ ಮಾಡುತ್ತದೆ. ಲಿವರ್ ಕೆಸರಲ್ಲಿ ಹೂತು ತುಕ್ಕು ಹಿಡಿದು ಅಲ್ಲಾಡುತ್ತಲೇ ಇರಲಿಲ್ಲ.

ತುಕ್ಕು ಬಿಡಿಸಿದೆ, ಬುಷ್ ಹಾಕಿದೆ. ಸ್ವಲ್ಪ ಪರವಾಗಿಲ್ಲ, ಆದರೂ ಸಾಲದು. ಆಗ ತಲೆಗೆ ಹೊಳೆಯಿತು. ಎರಡು ವರ್ಷದ ಹಿಂದೆ ಲೋಡಿಗೆ ಅಂತ ಹಿಂದೆ ಎಕ್ಸ್‌ಟ್ರಾ ಕಮಾನ್ ಪ್ಲೇಟ್ (ಸ್ಪ್ರಿಂಗ್ ಪಟ್ಟಿ) ಹಾಕಿಸಿದ್ದೆ. ಅದರಿಂದ ಹಿಂಭಾಗ ಎತ್ತರ ಆಯ್ತು, ಲೋಡ್ ಹಾಕಿದರೂ ಮೊದಲಿನಷ್ಟು ಕೂರಲ್ಲ. ವಾಲ್ವ್ ಪಾಪ ಗಾಡಿ ಖಾಲಿ ಇದೆ ಅಂದುಕೊಂಡು ಹಿಂದಕ್ಕೆ ಪ್ರೆಷರ್ ಬಿಡುತ್ತಿರಲಿಲ್ಲ. ಪ್ಲೇಟ್ ಹಾಕಿಸಿದ ಮೇಲೇ ಹೊಗೆ ಶುರುವಾಗಿದ್ದು, ಎರಡನ್ನೂ ಸೇರಿಸಿ ಯೋಚನೆ ಮಾಡಿರಲಿಲ್ಲ ಅಷ್ಟೇ.

ಇದನ್ನು ಹೇಳಿದಾಗ ಬಂದ ಸಲಹೆ ಒಂದೇ, "ವಾಲ್ವ್ ಕಿತ್ತು ಡೈರೆಕ್ಟ್ ಪೈಪ್ ಕೊಡು". ಸುಳ್ಳು ಯಾಕೆ, ಮಾಡಿಯೂ ನೋಡಿದೆ. ಲೋಡಿದ್ದಾಗ ಭರ್ಜರಿ ಬ್ರೇಕ್. ವಾಪಸ್ ಖಾಲಿ ಬರುವಾಗ ಉಜಿರೆ ದಾಟಿ ಸಣ್ಣ ಮಳೆಯಲ್ಲಿ ಒಂದು ನಾಯಿ ಅಡ್ಡ ಬಂತು, ತುಳಿದೆ, ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಅಡ್ಡಡ್ಡ ನಿಂತಿತು. ಎದುರಿಗೆ ಬಸ್ ಇರಲಿಲ್ಲ, ನನ್ನ ಪುಣ್ಯ. ಮರುದಿನವೇ ವಾಲ್ವ್ ವಾಪಸ್ ಹಾಕಿದೆ.

ಕೊನೆಗೆ ಮಾಡಿದ್ದು ಇಷ್ಟು. ಪ್ಲೇಟ್ ಹಾಕಿಸದ ಇದೇ ಮಾಡೆಲ್ ಗಾಡಿ ನಮ್ಮೂರಲ್ಲಿ ಒಂದಿದೆ. ಅದರ ಆಕ್ಸಲಿಂದ ಚಾಸಿಗೆ ಎಷ್ಟು ಅಂತ ಖಾಲಿಯಲ್ಲೂ ಲೋಡಲ್ಲೂ ಅಳೆದೆ, ನನ್ನದನ್ನೂ ಅಳೆದೆ. ಖಾಲಿಯಲ್ಲಿ ವ್ಯತ್ಯಾಸ ಒಂದೂಕಾಲು ಇಂಚು. ಲಿಂಕ್ ರಾಡಿನ ಕೆಳಗಿನ ತುದಿ ಆಕ್ಸಲ್ ಮೇಲೆ ಕೂರುವ ಬ್ರಾಕೆಟ್ಟಿಗೆ ಅಷ್ಟೇ ಎತ್ತರದ ತುಂಡು ಮಾಡಿಸಿ ಬೋಲ್ಟಲ್ಲಿ ಕೂರಿಸಿದೆ. ವೆಲ್ಡಿಂಗ್ ಹೊರಗೇ ಮಾಡಿಸಿ, ಗಾಡಿ ಮೇಲೆ ಬೇಡ, ಬ್ರೇಕ್ ಪೈಪ್ ಪಕ್ಕದಲ್ಲೇ ಇರುತ್ತದೆ. ವೆಲ್ಡಿಂಗಿನವನು ತೆಗೆದುಕೊಂಡಿದ್ದು ನೂರೈವತ್ತು. ಆದರೆ ಕಮಾನು ಗಡುಸಾಗಿರುವುದರಿಂದ ಬರೀ ಒಂದೂಕಾಲು ಸಾಲದು, ಇನ್ನೂ ಸ್ವಲ್ಪ ಕೊಡಬೇಕು. ಆ ಸ್ವಲ್ಪ ಎಷ್ಟು ಅಂತ ಹೇಳಲ್ಲ, ಐದು ಟ್ರಿಪ್ ಡೀಸೆಲ್ ಸುಟ್ಟು ಕಂಡುಕೊಂಡಿದ್ದು. ನಿಮ್ಮ ಗಾಡಿಯ ಪ್ಲೇಟ್ ಬೇರೆ, ಅಳತೆಯೂ ಬೇರೆ. ಜಾಸ್ತಿ ಕೊಟ್ಟರೆ ಖಾಲಿಯಲ್ಲಿ ಅದೇ ಲಾಕ್ ಕಥೆ, ಹಾಗಾಗಿ ಪ್ರತಿ ಸಲ ಎಸ್ಟೇಟ್ ಒಳಗಿನ ಮಣ್ಣು ರಸ್ತೆಯಲ್ಲಿ ಖಾಲಿ ಓಡಿಸಿ ತುಳಿದು, ಚಕ್ರದ ಗುರುತು ಇಳಿದು ನೋಡುತ್ತಿದ್ದೆ. ಹಿಂದಿನದು ಮುಂದಿನದಕ್ಕಿಂತ ಮೊದಲು ಜಾರಬಾರದು.

ಈಗ ಅದೇ ಲೋಡ್, ಅದೇ ಘಾಟಿ. ಮುಂದೆ 200ರಿಂದ 210, ಹಿಂದೆ 140 ಚಿಲ್ಲರೆ. ವಾಸನೆ ಇಲ್ಲ. ಈ ಪ್ಯಾಡ್ ಹಾಕಿ ಹತ್ತು ತಿಂಗಳು, ಹೋದ ವಾರ ಬಿಚ್ಚಿದರೆ ಇನ್ನೂ ಅರ್ಧ ಇದೆ. ಮಾರಿಬಿಡು ಅಂದಿದ್ದ ಮೆಕ್ಯಾನಿಕ್ ಮೊನ್ನೆ ಎಕ್ಸ್‌ಟ್ರಾ ಪ್ಲೇಟ್ ಹಾಕಿಸಿದ ಇನ್ನೊಂದು ಪಿಕಪ್ ನಿಲ್ಲಿಸಿಕೊಂಡು ನನಗೇ ಫೋನ್ ಮಾಡಿದ್ದ. ಬೆಳಿಗ್ಗೆ ಹೊತ್ತು ಎಡಗಡೆ ಹಿಂದಿನ ಡ್ರಮ್ ಕಿರ್ ಅನ್ನುವುದೊಂದು ಬಾಕಿ ಇದೆ, ಅದಕ್ಕೆ ಇನ್ನೂ ಕೈ ಹಾಕಿಲ್ಲ.