ಒಂದೊಂದು ಎಂ, ಒಂದೇ ಎಂ: ಬಿ.ಎಸ್ಸಿ. ತರಗತಿಯಲ್ಲಿ ರಿಯಲ್ ಅನಾಲಿಸಿಸ್ ಶುರುಮಾಡುವ ಬಗೆ

ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳಿಗೆ ಜಗಳೂರು, ಹೊನ್ನಾಳಿ, ಹೊಸದುರ್ಗದ ಕಡೆಯಿಂದ ಬರುವವರಲ್ಲಿ ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲೇ ಓದಿದವರಿರುತ್ತಾರೆ. ಪಿಯುಸಿಯ ಲಿಮಿಟ್ ಲೆಕ್ಕ ಅವರಿಗೆ ಸಲೀಸು. ಅಲ್ಲಿ ಉತ್ತರ ಕಂಡುಹಿಡಿದರೆ ಮುಗಿಯಿತು. ಇಲ್ಲಿ, ಅಂದರೆ ಲಿಮಿಟ್‌ನಂಥ ವಿಷಯಗಳನ್ನು ಸಾಧನೆಯೊಂದಿಗೆ ಕಲಿಯುವ ರಿಯಲ್ ಅನಾಲಿಸಿಸ್‌ನಲ್ಲಿ, ಉತ್ತರ ಮೊದಲೇ ಗೊತ್ತು, ಅದು ಯಾಕೆ ಸರಿ ಎಂದು ಸಾಧಿಸಬೇಕು. ಎಡವುವುದು ಇಲ್ಲೇ.

ಹಾಗಾಗಿ ಮೊದಲ ದಿನವೇ ಎಪ್ಸಿಲಾನ್ (ಎಷ್ಟು ಹತ್ತಿರ ಬರಬೇಕು ಎಂದು ಹೇಳುವ ಸಂಖ್ಯೆ) ಬರೆಯಬೇಡಿ. ನಾಲ್ಕೈದು ತರಗತಿ ಬರೀ ಅಸಮತೆ ಮಾಡಿಸಿ. ಮಾಡ್ಯುಲಸ್ ಎಂದರೆ 'ಮೈನಸ್ ತೆಗೆಯುವುದು' ಎಂದೇ ಬಹಳಷ್ಟು ಮಂದಿಯ ತಲೆಯಲ್ಲಿ ಕೂತಿರುತ್ತದೆ. ಅದನ್ನು 'ಎರಡು ಸಂಖ್ಯೆಗಳ ನಡುವಿನ ದೂರ' ಎಂದು ಬದಲಿಸಿ. ಛೇದವನ್ನು ಕಿರಿದು ಮಾಡಿದರೆ ಭಿನ್ನರಾಶಿ ಹಿರಿದಾಗುತ್ತದೆ ಎಂಬುದನ್ನು ಕೈಗೆ ಅಭ್ಯಾಸವಾಗುವಷ್ಟು ಬರೆಸಿ. ಮುಂದೆ ಮಾರ್ಕ್ಸ್ ಹೋಗುವುದು ಹೆಚ್ಚಾಗಿ ಇಂಥ ಸಣ್ಣ ಜಾಗಗಳಲ್ಲಿ.

ಆಮೇಲೆ ಶ್ರೇಢಿಯ ಮಿತಿಯ (ಲಿಮಿಟ್) ವ್ಯಾಖ್ಯೆ. ದೊಡ್ಡ ಎನ್, ಚಿಕ್ಕ ಎನ್ ಎಂದು ಎರಡು ಇಟ್ಟುಕೊಂಡರೆ ಬೋರ್ಡಿನ ಮೇಲೆ ಗೊಂದಲ. ಪದದ ಕ್ರಮಸಂಖ್ಯೆಗೆ ಎನ್, ಗಡಿಗೆ ಎಂ ಇರಲಿ. ಮೊದಲು ಕನ್ನಡದಲ್ಲೇ ಹೇಳಿ: ಸೊನ್ನೆಗಿಂತ ದೊಡ್ಡದಾದ ಯಾವ ಎಪ್ಸಿಲಾನ್ ಕೊಟ್ಟರೂ ಅದಕ್ಕೆ ತಕ್ಕ ಒಂದು ಎಂ ಸಿಗುತ್ತದೆ, ಎಂನೇ ಪದದಿಂದ ಹಿಡಿದು ಪ್ರತಿ ಪದವೂ ಮಿತಿ ಎಲ್‌ನಿಂದ ಎಪ್ಸಿಲಾನ್‌ಗಿಂತ ಕಡಿಮೆ ದೂರದಲ್ಲಿರುತ್ತದೆ.

ಇಂಗ್ಲಿಷ್ ವಾಕ್ಯವನ್ನು ಉರು ಹೊಡೆದವರು 'ಎಲ್ಲಾ ಎಪ್ಸಿಲಾನ್‌ಗೂ ಒಂದು ಎಂ ಇದೆ' ಎನ್ನುತ್ತಾರೆ. ಒಂದೊಂದೋ, ಒಂದೇನೋ? ತಕ್ಷಣ ಕೇಳಿ. ಈ ವ್ಯತ್ಯಾಸ ತೋರಿಸಲು ಕನ್ನಡಕ್ಕೆ ಪ್ರತ್ಯೇಕ ಪದಗಳೇ ಇವೆ, ಬಳಸದೆ ಬಿಡುವುದು ದಡ್ಡತನ. 1/ಎನ್ ಶ್ರೇಢಿಗೆ ಒಂದೇ ಎಂ ಸಾಕು ಎಂದರೆ 1/ಎಂ ಎಲ್ಲಾ ಎಪ್ಸಿಲಾನ್‌ಗಿಂತ ಚಿಕ್ಕದಾಗಬೇಕು, ಅಂದರೆ ಸೊನ್ನೆಯೇ ಆಗಬೇಕು. ಆಗದ ಮಾತು. (ಒಂದೊಂದು ಎಂದರೆ ಬೇರೆಬೇರೆ ಆಗಿರಲೇಬೇಕು ಎಂದಲ್ಲ; ಎರಡು ಎಪ್ಸಿಲಾನ್‌ಗೆ ಒಂದು ಎಂ ಹೊಂದಿಬಂದರೆ ತಕರಾರಿಲ್ಲ.) ಸರದಿ ನೆನಪಿರಲು ಹರಿಹರದ ಲೇತ್ ಕೆಲಸ ನೆನಪಿಸಿ: ಟಾಲರೆನ್ಸ್ (ಅಳತೆ ಎಷ್ಟು ತಪ್ಪಿದರೆ ನಡೆಯುತ್ತದೆ ಎಂಬುದು) ಹೇಳುವವನು ಗಿರಾಕಿ, ಮೊದಲು ಅವನು, ಮಿಷನ್ ಸೆಟ್ ಮಾಡುವುದು ಆಮೇಲೆ. ಎಂ ಆರಿಸಿಕೊಂಡು ಎಪ್ಸಿಲಾನ್ ಕೇಳಲು ಹೋಗುವಂತಿಲ್ಲ.

ಸಾಧನೆ ಬರೆಯಲು ಪುಟವನ್ನು ಎರಡು ಭಾಗ ಮಾಡಿಸಿ, ಎಡಕ್ಕೆ ರಫ್, ಬಲಕ್ಕೆ ಫೇರ್. ಶ್ರೇಢಿ (3ಎನ್+1)/(ಎನ್+2), ಮಿತಿ 3 ಎಂದಿರಲಿ. ರಫ್‌ನಲ್ಲಿ ದೂರ 5/(ಎನ್+2) ಬರುತ್ತದೆ. ಇದು 5/ಎನ್‌ಗಿಂತ ಕಡಿಮೆ. 5/ಎನ್ ಎಪ್ಸಿಲಾನ್‌ಗಿಂತ ಕಡಿಮೆಯಾಗಲು ಎನ್ 5/ಎಪ್ಸಿಲಾನ್‌ಗಿಂತ ದೊಡ್ಡದಿರಬೇಕು. ಫೇರ್ ಇದರ ತಿರುಗುಮುರುಗು: ಎಪ್ಸಿಲಾನ್ > 0 ಇರಲಿ; 5/ಎಪ್ಸಿಲಾನ್‌ಗಿಂತ ದೊಡ್ಡ ಪೂರ್ಣಾಂಕ ಎಂ ಆರಿಸೋಣ; ಎನ್ ≥ ಎಂ ಆದಾಗಲೆಲ್ಲ ದೂರ = 5/(ಎನ್+2) < 5/ಎನ್ ≤ 5/ಎಂ < ಎಪ್ಸಿಲಾನ್. ರಫ್ ಅನ್ನೇ ಫೇರ್ ಎಂದು ಬರೆದರೆ ಸಾಧಿಸಬೇಕಾದ್ದನ್ನೇ ಮೊದಲು ಒಪ್ಪಿಕೊಂಡಂತಾಗುತ್ತದೆ. ಇನ್ನೊಂದು ಚಾಳಿ, ಅತಿ ಚಿಕ್ಕ ಎಂ ಹುಡುಕುವುದು. ಎಪ್ಸಿಲಾನ್ 1/100 ಆದಾಗ 499 ಸಾಲುತ್ತದೆ, ನಿಜ. ಆದರೆ 501 ಅಂದರೂ, ಐದು ಸಾವಿರ ಅಂದರೂ ಸಾಧನೆ ಅಷ್ಟೇ ಸರಿ.

ಮಿತಿ ಇಲ್ಲದ ಶ್ರೇಢಿಯೂ ಅದೇ ವಾರ ಬರಲಿ. 1, −1, 1, −1 ಹೀಗೆ ಹೋಗುವ ಶ್ರೇಢಿಗೆ ಎಪ್ಸಿಲಾನ್ 1 ಸಾಕು: ಎರಡೂ ಪದ ಎಲ್‌ನಿಂದ 1ಕ್ಕಿಂತ ಕಡಿಮೆ ದೂರವಿದ್ದರೆ ಅವುಗಳ ನಡುವಿನ ದೂರ 2ಕ್ಕಿಂತ ಕಡಿಮೆಯಾಗಬೇಕು, ಇರುವುದು ಸರಿಯಾಗಿ 2.

ಸಂಪೂರ್ಣತೆಯ ತತ್ವವನ್ನು (ವಾಸ್ತವ ಸಂಖ್ಯಾರೇಖೆಯಲ್ಲಿ ತೂತಿಲ್ಲ ಎಂಬುದು) ಎರಡು ವಾರ ತಡಮಾಡಿ. ಅದರ ಅಗತ್ಯ ಕಾಣುವವರೆಗೆ ಅದು ಬರೀ ಮಾತು. 1, 3/2, 17/12, 577/408 ಬರೆಯಿರಿ. ಪ್ರತಿ ಪದ ಹಿಂದಿನದ್ದರ ಮತ್ತು 2ನ್ನು ಹಿಂದಿನದ್ದರಿಂದ ಭಾಗಿಸಿದ್ದರ ಸರಾಸರಿ. 577ರ ವರ್ಗ 332929, 408ರ ವರ್ಗದ ಎರಡರಷ್ಟು 332928. ಒಂದೇ ಒಂದರ ವ್ಯತ್ಯಾಸ! ಎಲ್ಲವೂ ಭಾಗಲಬ್ಧ ಸಂಖ್ಯೆ, ತಲುಪುವ ಜಾಗ √2 ಮಾತ್ರ ಭಾಗಲಬ್ಧವಲ್ಲ. ಹತ್ತನೇ ತರಗತಿಯಲ್ಲಿ ಅವರೇ ಸಾಧಿಸಿದ್ದಾರೆ. ಈ ತೂತು ಮುಚ್ಚಿಯೇ ಜರ್ಮನ್ ಗಣಿತಜ್ಞ ಡೆಡೆಕಿಂಡ್ 1872ರಲ್ಲಿ ವಾಸ್ತವ ಸಂಖ್ಯೆಗಳನ್ನು ಕಟ್ಟಿದ್ದು.

ಏಕರೂಪ ಸಾತತ್ಯ (ಯೂನಿಫಾರ್ಮ್ ಕಂಟಿನ್ಯುಯಿಟಿ) ಬಂದಾಗ ಹಳೆಯ ಪ್ರಶ್ನೆಯನ್ನೇ ಕೇಳಿ. ಬಿಂದುಗಳು ಎಷ್ಟು ಹತ್ತಿರವಿದ್ದರೆ ಬೆಲೆಗಳ ವ್ಯತ್ಯಾಸ ಎಪ್ಸಿಲಾನ್‌ಗಿಂತ ಕಡಿಮೆಯಾಗುತ್ತದೆ ಎಂಬ ಅಳತೆಯೇ ಡೆಲ್ಟಾ: ಬಿಂದುವಿಗೆ ಒಂದೊಂದು ಡೆಲ್ಟಾನೋ, ಎಲ್ಲಕ್ಕೂ ಒಂದೇನೋ? ಎಕ್ಸ್ ವರ್ಗಕ್ಕೆ 0ಯಿಂದ 1ರವರೆಗೆ ಎಪ್ಸಿಲಾನ್‌ನ ಅರ್ಧ ಎಲ್ಲಾ ಕಡೆಗೂ ಆಗುತ್ತದೆ. ಇಡೀ ರೇಖೆಯ ಮೇಲೆ ಎನ್ ಮತ್ತು ಎನ್+1/ಎನ್ ತೆಗೆದುಕೊಳ್ಳಿ: ದೂರ ಸೊನ್ನೆಯತ್ತ ಇಳಿಯುತ್ತದೆ, ವರ್ಗಗಳ ವ್ಯತ್ಯಾಸ 2ಕ್ಕಿಂತ ಕೆಳಗಿಳಿಯುವುದೇ ಇಲ್ಲ.