ರಜೆ ಕೇಳೋ ಮೇಲ್‌ಗೆ ಎಷ್ಟು ದೊಡ್ಡ ಇಂಗ್ಲಿಷ್ ಬೇಕು?

ದಾವಣಗೆರೆಯಲ್ಲಿ ಸಂಜೆ ಹೊತ್ತು ನಾನು ಇಂಗ್ಲಿಷ್‌ನಲ್ಲಿ ಅರ್ಜಿ, ಮೇಲ್ ಬರೆಯೋದನ್ನು ಹೇಳಿಕೊಡುತ್ತೇನೆ. ಬರುವ ಹುಡುಗ ಹುಡುಗಿಯರಲ್ಲಿ ಕೆಲವರು ಮ್ಯಾನೇಜರ್‌ಗೂ ‘ಹಾಯ್ ಸರ್, ವಾನ್ನಾ ಟೇಕ್ ಲೀವ್ ಟುಮಾರೋ’ ಅಂತ ಬರೆಯುತ್ತಾರೆ. ಇನ್ನು ಕೆಲವರು ‘ಐ ಮೋಸ್ಟ್ ಹಂಬ್ಲಿ ಬೆಗ್ ಟು ಸ್ಟೇಟ್’ ಅಂತ ಶುರು ಮಾಡುತ್ತಾರೆ. ಎರಡೂ ಬೇಡ. ‘ಡಿಯರ್ ಸರ್, ಐ ನೀಡ್ ಲೀವ್ ಟುಮಾರೋ, ಆಸ್ ಐ ಹ್ಯಾವ್ ಟು ಟೇಕ್ ಮೈ ಮದರ್ ಟು ದಿ ಹಾಸ್ಪಿಟಲ್.’ ಇಷ್ಟು ಸಾಕು.

ನಾವು ದೊಡ್ಡ ಪದಗಳಿಗೆ ಕೈಹಾಕಲು ಒಂದು ಕಾರಣವಿದೆ. ಕನ್ನಡದಲ್ಲಿ ‘ನೀವು’, ‘ಬನ್ನಿ’ ಅಂದರೆ ಮರ್ಯಾದೆ ತಾನಾಗೇ ಬಂತು. ಇಂಗ್ಲಿಷ್‌ನಲ್ಲಿ ಎಲ್ಲರಿಗೂ ಒಂದೇ ‘ಯೂ’. ಹಾಗಾಗಿ ಮರ್ಯಾದೆಗೆಂದು ಭಾರದ ಪದ ತುಂಬುತ್ತೇವೆ. ಆದರೆ ಅಲ್ಲಿ ಮರ್ಯಾದೆ ಇರುವುದು ಕೇಳುವ ರೀತಿಯಲ್ಲಿ. ‘ಸೆಂಡ್ ಮಿ ದಿ ಫಾರ್ಮ್’ ಅಂದರೆ ಅಪ್ಪಣೆ. ‘ಕುಡ್ ಯು ಪ್ಲೀಸ್ ಸೆಂಡ್ ಮಿ ದಿ ಫಾರ್ಮ್?’ ಅಂದರೆ ವಿನಂತಿ. ಎರಡರಲ್ಲೂ ‘ಸೆಂಡ್’ ಅದೇ ನೋಡಿ.

ಒಂದೇ ಮಾತಿಗೆ ಎರಡೆರಡು ಪದ ಯಾಕಿವೆ? 1066ರಲ್ಲಿ ಫ್ರಾನ್ಸ್ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅರಮನೆ, ನ್ಯಾಯಾಲಯಗಳಿಗೆ ಫ್ರೆಂಚ್ ಬಂತು. ಜನರ ಬಾಯಲ್ಲಿ ‘ಬೈ’, ‘ಆಸ್ಕ್’, ‘ಹೆಲ್ಪ್’ ಉಳಿದವು. ಫ್ರೆಂಚ್ ಕಡೆಯಿಂದ ‘ಪರ್ಚೇಸ್’, ‘ರಿಕ್ವೆಸ್ಟ್’, ‘ಅಸಿಸ್ಟ್’ ಸೇರಿದವು. ಈಗ ಬ್ರಿಟಿಷ್ ಸರ್ಕಾರದ ವೆಬ್‌ಸೈಟಿನ ಬರವಣಿಗೆ ನಿಯಮವೇ ‘ಪರ್ಚೇಸ್’ ಬಿಟ್ಟು ‘ಬೈ’ ಬಳಸಿ ಅನ್ನುತ್ತದೆ. ಹಾಗಾಗಿ ಚಿಕ್ಕ ಪದ ಬರೆಯಲು ಅಂಜಬೇಡಿ.

ಅರ್ಜಿಯಲ್ಲಿ ಮೊದಲು ತೆಗೆಯಬೇಕಾದದ್ದು ‘ವಾನ್ನಾ’, ‘ಗಾನ್ನಾ’, ‘ಗೈಸ್’. ‘ಕಿಡ್ಸ್’ ಇದ್ದರೆ ‘ಚಿಲ್ಡ್ರನ್’ ಮಾಡಿ. ‘ಡೋಂಟ್’ ಅನ್ನು ‘ಡೂ ನಾಟ್’ ಅಂತ ಬಿಡಿಸಿ. ಸಹೋದ್ಯೋಗಿಗೆ ಬರೆಯುವ ಮೇಲ್‌ನಲ್ಲಿ ‘ಡೋಂಟ್’ ಇದ್ದರೆ ಏನೂ ಆಗುವುದಿಲ್ಲ. ‘ಪುಟ್ ಆಫ್’ ಇದ್ದ ಕಡೆ ‘ಪೋಸ್ಟ್‌ಪೋನ್’ ಹಾಕಬಹುದು. ಹಾಗಂತ ಇಂಥ ಜೋಡಿ ಪದಗಳನ್ನೆಲ್ಲ ಅಳಿಸಬೇಡಿ. ‘ಕ್ಯಾರಿ ಔಟ್’ ಎಂಥ ವರದಿಯಲ್ಲೂ ನಡೆಯುತ್ತದೆ.

ಸಾವಿನ ವಿಷಯದಲ್ಲಿ ಮಾತ್ರ ತುಂಬಾ ಜೋಪಾನ. ನಮ್ಮ ಕಡೆ ‘ಹಿಸ್ ಫಾದರ್ ಎಕ್ಸ್‌ಪೈರ್ಡ್’ ಅಂತ ಬರೆಯುವವರು ಜಾಸ್ತಿ. ಹೊರದೇಶದವರಿಗೆ ಆ ಪದ ಕಂಡರೆ ಔಷಧಿಯ ಅವಧಿ ಮುಗಿದ ನೆನಪಾಗುತ್ತದೆ. ದುಃಖದಲ್ಲಿರುವ ಮನೆಯವರಿಗೆ ಬರೆಯುವಾಗ ‘ಪಾಸ್ಡ್ ಅವೇ’ ಬಳಸಿ. ಫಾರ್ಮು, ವರದಿಗಳಲ್ಲಿ ‘ಡೈಡ್’ ಸಾಕು, ಅದರಲ್ಲಿ ಅಗೌರವವೇನೂ ಇಲ್ಲ. ‘ಕಿಕ್ಡ್ ದಿ ಬಕೆಟ್’ ಅನ್ನೋದನ್ನ ಎಲ್ಲೋ ಓದಿ ಇಷ್ಟವಾಗಿದ್ದರೂ ಇಲ್ಲಿ ತರಲೇಬೇಡಿ, ಅದು ಸತ್ತರು ಅನ್ನೋದಕ್ಕೆ ತಮಾಷೆಯ ಮಾತು.

ಆಫೀಸಿನ ‘ಕೈಂಡ್ಲಿ ಡೂ ದಿ ನೀಡ್‌ಫುಲ್’ ಬಗ್ಗೆಯೂ ಹೇಳಬೇಕು. ಕೇಳೋಕೆ ಗಂಭೀರ, ಆದರೆ ಏನು ಮಾಡಬೇಕು ಅನ್ನೋದೇ ಅದರಲ್ಲಿಲ್ಲ. ‘ಪ್ಲೀಸ್ ಸೈನ್ ದಿ ಫಾರ್ಮ್ ಬೈ ಫ್ರೈಡೇ’ ಅಂದರೆ ಕೆಲಸ ಆಗುತ್ತದೆ. ‘ಪ್ರೀಪೋನ್’ ಭಾರತದೊಳಗೆ ಧಾರಾಳವಾಗಿ ಬಳಸಿ. ಲಂಡನ್ನಿನ ಗ್ರಾಹಕರಿಗೆ ಮಾತ್ರ ‘ಬ್ರಿಂಗ್ ಫಾರ್ವರ್ಡ್’ ಅನ್ನಿ.

ಅನುಮಾನ ಬಂದರೆ ಆಕ್ಸ್‌ಫರ್ಡ್ ಅಥವಾ ಕೇಂಬ್ರಿಜ್‌ನ ಕಲಿಯುವವರ ನಿಘಂಟು ತೆಗೆಯಿರಿ. ಪದದ ಪಕ್ಕದಲ್ಲೇ ‘ಫಾರ್ಮಲ್’, ‘ಇನ್‌ಫಾರ್ಮಲ್’ ಅಂತ ಗುರುತು ಇರುತ್ತದೆ. ಗುರುತೇ ಇಲ್ಲದಿದ್ದರೆ ಸಾಮಾನ್ಯವಾಗಿ ಎರಡೂ ಕಡೆ ಸಲ್ಲುತ್ತದೆ. ನಾನು ಹೆಚ್ಚಾಗಿ ಹೇಳಿಕೊಡೋದು ಇಂಥ ಪದಗಳನ್ನೇ.

ಬರೆದಾದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿ. ‘ಐ ವುಡ್ ಲೈಕ್ ಟು ರಿಕ್ವೆಸ್ಟ್ ಯು ಗೈಸ್’ ಅನ್ನೋದು ರೇಷ್ಮೆ ಪಂಚೆ ಮೇಲೆ ಟೀ ಶರ್ಟ್ ಹಾಕಿದಂತೆ. ಇಂಥ ಬೆರಕೆ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ. ಕೊನೆಯ ಸಾಲನ್ನೂ ನೋಡಿಕೊಳ್ಳಿ. ಬ್ರಿಟಿಷ್ ಪದ್ಧತಿಯಲ್ಲಿ ‘ಡಿಯರ್ ಸರ್’ ಅಂತ ಶುರುವಾದ ಪತ್ರಕ್ಕೆ ‘ಯುವರ್ಸ್ ಫೇತ್‌ಫುಲಿ’. ಹೆಸರು ಹಿಡಿದು ಬರೆದಿದ್ದರೆ ‘ಯುವರ್ಸ್ ಸಿನ್ಸಿಯರ್ಲಿ’. ದಿನನಿತ್ಯದ ಮೇಲ್‌ಗೆ ‘ರಿಗಾರ್ಡ್ಸ್’ ಹಾಕಿ ಕಳಿಸಿಬಿಡಿ.