ಬರ್ನಮ್‌ನಿಂದ ಹ್ಯಾರಿಚ್‌ಗೆ ಹಾಯಿಯಲ್ಲಿ: ಮರಳುವ ಲೆಕ್ಕ ಮೊದಲು

ಇಂಗ್ಲೆಂಡಿನ ಎಸೆಕ್ಸ್ ಕರಾವಳಿಯ ಕ್ರೌಚ್ ನದಿಯಲ್ಲಿ, ಬರ್ನಮ್ ಊರಿನ ಮುಂದೆ ದೋಣಿ ಕಟ್ಟುವವರಿಗೆ ಎರಡು ದಿನದ ಯಾನ ಎಂದರೆ ಹೆಚ್ಚಾಗಿ ಹ್ಯಾರಿಚ್ ಬಂದರು. ದೂರ ಸುಮಾರು 28 ನಾಟಿಕಲ್ ಮೈಲಿ. ನದಿ ಇಳಿದು ಫೌಲ್‌ನೆಸ್ ಮತ್ತು ಬಕ್ಸಿ ಮರಳದಿಬ್ಬಗಳ ನಡುವಿನ ವಿಟೇಕರ್ ಕಾಲುವೆ ಹಿಡಿಯಬೇಕು. ಸ್ಪಿಟ್‌ವೇ ಎಂಬ ತಗ್ಗಿನಲ್ಲಿ ದಿಬ್ಬ ದಾಟಿದರೆ ಆಚೆಗೆ ವಾಲೆಟ್ ಎಂಬ ಕಡಲ ಕಾಲುವೆ. ಅಲ್ಲಿಂದ ಕ್ಲ್ಯಾಕ್ಟನ್, ವಾಲ್ಟನ್ ಕಡೆಯ ದಡವನ್ನು ಎಡಕ್ಕಿಟ್ಟುಕೊಂಡು ಉತ್ತರಕ್ಕೆ ಹೋಗುವುದು.

ನಮ್ಮ ಕಡೆಯ ಅಳಿವೆಗಳನ್ನು ಬಲ್ಲವರು ಮೊದಲು ಒಂದು ಅಂಕಿ ಮನಸ್ಸಿನಲ್ಲಿಡಬೇಕು. ಮಂಗಳೂರು, ಕಾರವಾರಗಳಲ್ಲಿ ನೀರಿನ ಏರಿಳಿತ ಹೆಚ್ಚೆಂದರೆ ಎರಡು ಮೀಟರಿನ ಆಸುಪಾಸು. ಬರ್ನಮ್‌ನಲ್ಲಿ ದೊಡ್ಡ ಉಬ್ಬರದ ದಿನ ಅದು ಐದು ಮೀಟರ್. ಅಷ್ಟು ನೀರು ಆರು ಗಂಟೆಯಲ್ಲಿ ಹೊರಗೆ ಹೋಗಿ, ಮತ್ತೆ ಆರು ಗಂಟೆಯಲ್ಲಿ ಒಳಗೆ ಬರಬೇಕು. ಐದು ನಾಟ್ (ಗಂಟೆಗೆ ಐದು ನಾಟಿಕಲ್ ಮೈಲಿ) ವೇಗದ ದೋಣಿಗೆ ಎದುರು ಹರಿವು ಸಿಕ್ಕಿದರೆ ಅರ್ಧ ದಿನ ಹೋಯಿತೆಂದೇ ಲೆಕ್ಕ.

ಈ ದಾರಿಯ ಅನುಕೂಲವೆಂದರೆ ಇಳಿತ ನದಿಯಲ್ಲೂ ವಾಲೆಟ್‌ನಲ್ಲೂ ಈಶಾನ್ಯದ ಕಡೆಗೇ ಹರಿಯುತ್ತದೆ, ಉಬ್ಬರ ನೈರುತ್ಯಕ್ಕೆ. ಆದ್ದರಿಂದ ಬರ್ನಮ್‌ನ ತುಂಬು ಉಬ್ಬರದಲ್ಲಿ ಹೊರಟರೆ ಹ್ಯಾರಿಚ್‌ವರೆಗೂ ಹರಿವು ಜೊತೆಗಿರುತ್ತದೆ. ಹ್ಯಾರಿಚ್‌ನ ಪೂರ್ಣ ಇಳಿತದಲ್ಲಿ ಹೊರಟರೆ ವಾಪಸೂ ಹಾಗೆಯೇ.

ಯಾವ ವಾರ ಹೋಗಬೇಕೆಂಬುದಕ್ಕೆ ನಾನು ಮೊದಲು ನೋಡುವುದು ಪಂಚಾಂಗ. ಉಬ್ಬರದ ಪಟ್ಟಿ ಆಮೇಲೆ. ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ ದೊಡ್ಡ ಉಬ್ಬರ. ಆಗ ಬರ್ನಮ್‌ನ ತುಂಬು ಉಬ್ಬರ ಬೇಸಿಗೆ ಗಡಿಯಾರದಲ್ಲಿ ಮಧ್ಯಾಹ್ನ ಒಂದರ ಆಸುಪಾಸು. ಶನಿವಾರ ಹನ್ನೆರಡೂವರೆಗೆ ಬಿಟ್ಟರೆ ಸಂಜೆ ಐದಕ್ಕೆ ಹ್ಯಾರಿಚ್, ಭಾನುವಾರ ಬೆಳಿಗ್ಗೆ ಆರೂವರೆಗೆ ವಾಪಸು ಹೊರಡುವುದು. ನವಮಿ, ದಶಮಿಯ ಹೊತ್ತಿಗೆ ಉಬ್ಬರ ಬೆಳಗಿನ ಆರೇಳಕ್ಕೆ. ಎದ್ದು ಹೋಗುವ ಮನಸ್ಸಿದ್ದರೆ ಅದೂ ಸರಿಯೇ. ಕೆಟ್ಟ ವಾರ ಎಂದರೆ ಶನಿವಾರದ ಉಬ್ಬರ ಬೆಳಿಗ್ಗೆ ಹತ್ತಕ್ಕೆ ಬೀಳುವುದು. ಹೋಗುವುದು ಸುಖ, ಆದರೆ ಭಾನುವಾರ ವಾಪಸು ಹೊರಡಲು ಬೆಳಗಿನ ನಾಲ್ಕೂವರೆ ಇಲ್ಲವೇ ಸಂಜೆ ಐದು. ಕ್ಲಬ್ಬಿನ ಪಟ್ಟಿಯಲ್ಲಿ ತಾರೀಖು ಹಾಕುವವರು ಹೋಗುವ ಗಂಟೆ ಮಾತ್ರ ನೋಡಿದಾಗ ಆಗುವ ತಪ್ಪು ಇದೇ.

ಇನ್ನು ಸ್ಪಿಟ್‌ವೇ. ಕೆಂಪು-ಬಿಳಿ ಪಟ್ಟೆಯ ಎರಡು ಬೋಯಾಗಳು (ತೇಲುವ ಗುರುತುಗಳು): ದಕ್ಷಿಣಕ್ಕೆ ಸ್ವಿನ್ ಸ್ಪಿಟ್‌ವೇ, ಉತ್ತರಕ್ಕೆ ವಾಲೆಟ್ ಸ್ಪಿಟ್‌ವೇ. ನಡುವೆ ಒಂದು ಮೈಲಿಗಿಂತ ಸ್ವಲ್ಪ ಹೆಚ್ಚು. ಮರಳು ಸರಿಯುತ್ತಿರುತ್ತದೆ, ಆಳವನ್ನು ಹೊಸ ನಕಾಶೆಯಲ್ಲೇ ನೋಡಬೇಕು. ಲೆಕ್ಕಕ್ಕೆ ನಕಾಶೆಯ ಆಳ, ಅಂದರೆ ನೀರು ಅತಿ ಕೆಳಗಿಳಿದಾಗಲೂ ಉಳಿಯುವ ಆಳ, 1 ಮೀಟರ್ ಎಂದುಕೊಳ್ಳಿ. ನನ್ನ ದೋಣಿಯ ಕೀಲ್ (ತಳದಿಂದ ಕೆಳಗಿಳಿದ ಭಾಗ) ನೀರಿನಡಿ 1.3 ಮೀಟರ್ ಇಳಿಯುತ್ತದೆ. ಬರ್ನಮ್‌ನಿಂದ ಅಲ್ಲಿಗೆ 14 ಮೈಲಿ, ಹರಿವು ಸೇರಿ ಎರಡೂಕಾಲು ಗಂಟೆ.

ಇಲ್ಲಿ ಹೊಸಬರು ಬರ್ನಮ್‌ನ ಉಬ್ಬರವನ್ನೇ ಹಿಡಿದು ಲೆಕ್ಕ ಹಾಕುತ್ತಾರೆ. ದಿಬ್ಬ ಇರುವುದು ಹೊರಗೆ ಸಮುದ್ರದಲ್ಲಿ. ಅಲ್ಲಿ ನೀರು ನದಿಗಿಂತ ಮೊದಲೇ ಇಳಿಯತೊಡಗುತ್ತದೆ. ಹಾಗಾಗಿ ನಾನು ವಾಲ್ಟನ್‌ನ ಉಬ್ಬರದ ಪಟ್ಟಿ ಹಿಡಿಯುತ್ತೇನೆ. ಅಲ್ಲಿ ದೊಡ್ಡ ಉಬ್ಬರ 4.2 ಮೀಟರ್, ಇಳಿತ 0.4, ಅಂತರ 3.8. ಆರು ಗಂಟೆಗಳಲ್ಲಿ ನೀರು ಹನ್ನೆರಡರಲ್ಲಿ 1, 2, 3, 3, 2, 1 ಪಾಲಿನಂತೆ ಇಳಿಯುತ್ತದೆ. ಬರ್ನಮ್‌ನ ತುಂಬು ಉಬ್ಬರದಲ್ಲಿ ಹೊರಟವನು ಸ್ಪಿಟ್‌ವೇ ತಲುಪುವಾಗ ವಾಲ್ಟನ್ ಲೆಕ್ಕದಲ್ಲಿ ಮೂರು ಗಂಟೆ ಕಳೆದಿರುತ್ತದೆ: 2.3 ಮೀಟರ್ ಉಳಿದಿದೆ, ನಕಾಶೆಯ 1 ಸೇರಿ 3.3, ಕೀಲ್ ಕೆಳಗೆ 2 ಮೀಟರ್. ಅವನೇ ಎರಡು ಗಂಟೆ ತಡವಾಗಿ ಹೊರಟಿದ್ದರೆ ಕೀಲ್ ಕೆಳಗೆ 0.4. ಅರ್ಧ ಮೀಟರ್ ಅಲೆ ಎದ್ದರೂ ಆ 0.4 ಇಲ್ಲದಂತೆಯೇ. ಆದ್ದರಿಂದ ಉಬ್ಬರ ತುಂಬುವ ಅರ್ಧ ಗಂಟೆ ಮೊದಲೇ ಮೂರಿಂಗ್ (ದೋಣಿ ಕಟ್ಟುವ ಬೋಯಾ) ಬಿಡುತ್ತೇನೆ. ಕೊನೆಯ ಎದುರು ಹರಿವು ಸಣ್ಣದು, ನಷ್ಟವಿಲ್ಲ.

ದಾಟುವಾಗ ಮುಂದಿನ ಬೋಯಾವನ್ನಷ್ಟೇ ನೋಡಬೇಡಿ. ದೋಣಿ ವಾಯವ್ಯಕ್ಕೆ ಹೋಗುತ್ತಿರುತ್ತದೆ, ಇಳಿತ ಅಡ್ಡಕ್ಕೆ ಗನ್‌ಫ್ಲೀಟ್ ದಿಬ್ಬದ ಕಡೆ ತಳ್ಳುತ್ತಿರುತ್ತದೆ. ಹಿಂದಿನ ಬೋಯಾ, ದೋಣಿ, ಮುಂದಿನ ಬೋಯಾ ಮೂರೂ ಒಂದೇ ಗೆರೆಯಲ್ಲಿವೆಯೇ ಎಂದು ಎರಡು ನಿಮಿಷಕ್ಕೊಮ್ಮೆ ತಿರುಗಿ ನೋಡಬೇಕು.

ಒಂದು ವೇಳೆ ತಳ ತಾಗಿದರೆ, ಇಳಿತದಲ್ಲಿ ನಿಮಗಿರುವುದು ಒಂದೆರಡು ನಿಮಿಷ. ಎಲ್ಲರೂ ಒಂದೇ ಬದಿಗೆ ಕೂತು ದೋಣಿಯನ್ನು ವಾಲಿಸಿ, ಮುಂದಿನ ಹಾಯಿಯನ್ನು ಗಾಳಿಗೆದುರು ಎಳೆದು ಮೂತಿ ತಿರುಗಿಸಿ, ಬಂದ ದಾರಿಯಲ್ಲೇ ಹಿಂದಿರುಗಿ. ಆಗದಿದ್ದರೆ ಆಳದ ಕಡೆಗೆ ಲಂಗರು ಹಾಕಿ, ಭಾರವನ್ನೆಲ್ಲ ದಿಬ್ಬದ ಬದಿಗೆ ಸಾಗಿಸಿ. ದೋಣಿ ಆ ಕಡೆ ವಾಲಿ ಮಲಗಿದರೆ ಮರಳುವ ಉಬ್ಬರದ ಅಲೆ ಒಳಗೆ ನುಗ್ಗುವುದಿಲ್ಲ. ನದಿಯ ಕೆಸರಿನಲ್ಲಿ ಕೂತರೆ ಬರೀ ನಾಚಿಕೆ. ಹೊರಗಿನ ಮರಳು ಗಟ್ಟಿ. ಅಲೆಗೆ ಎತ್ತಿ ಎತ್ತಿ ಕುಕ್ಕಿದರೆ ಚುಕ್ಕಾಣಿ ಮುರಿಯುತ್ತದೆ.

ವಾಲೆಟ್‌ನಲ್ಲಿ ಹೋಗುವಾಗ ಹೇಳುವಂಥದ್ದೇನಿಲ್ಲ: ಬಲಕ್ಕೆ ಗನ್‌ಫ್ಲೀಟ್‌ನ ಗಾಳಿಯಂತ್ರಗಳು, ಎಡಕ್ಕೆ 1720ರ ನೇಜ್ ಗೋಪುರ. ಹ್ಯಾರಿಚ್ ಬಾಯಲ್ಲಿ ಮಾತ್ರ ಎಚ್ಚರ. ಫೆಲಿಕ್ಸ್‌ಸ್ಟೋಗೆ ಹೋಗುವ ಕಂಟೇನರ್ ಹಡಗುಗಳು ಆಳದ ಕಾಲುವೆ ಬಿಟ್ಟು ಸರಿಯಲಾರವು. ಆ ಕಾಲುವೆಯ ದಕ್ಷಿಣ ಮತ್ತು ಪಶ್ಚಿಮ ಅಂಚಿನ ಹೊರಗೆ ಯಾಟ್‌ಗಳಿಗೆ ಸೂಚಿಸಿದ ದಾರಿ ಹಿಡಿದು, ರೇಡಿಯೊದಲ್ಲಿ ಚಾನೆಲ್ 71 ಕೇಳುತ್ತ ಹೋಗಬೇಕು.

ಕಷ್ಟವೆಲ್ಲ ಮರಳುವಾಗ. ಇಲ್ಲಿ ಹೆಚ್ಚಾಗಿ ಬೀಸುವುದು ನೈರುತ್ಯದ ಗಾಳಿ. ಹೋಗುವಾಗ ಗಾಳಿ, ನೀರು ಎರಡೂ ಒಂದೇ ದಿಕ್ಕಿಗೆ, ಸಮುದ್ರ ನುಣುಪು. ಬರುವಾಗ ಉಬ್ಬರ ಗಾಳಿಗೆದುರಾಗಿ ಓಡಿ, ವಾಲೆಟ್ ತುಂಬ ಗಿಡ್ಡನೆಯ ಕಡಿದಾದ ಅಲೆ. ಅದೇ ಗಾಳಿಯಲ್ಲಿ ಶನಿವಾರ ಪೂರ್ತಿ ಹಾಯಿ ಬಿಚ್ಚಿ ಬಂದವನಿಗೆ ಭಾನುವಾರ ಎರಡು ರೀಫ್ (ಹಾಯಿಯನ್ನು ಮಡಚಿ ಗಿಡ್ಡ ಮಾಡುವುದು) ಬೇಕಾಗಬಹುದು. ಹಾಯಿಯನ್ನು ಬಂದರಿನೊಳಗೇ ಗಿಡ್ಡ ಮಾಡಿಕೊಂಡು ಹೊರಡಿ. ಗಾಳಿಗೆದುರು ನೇರ ಹೋಗಲಾಗದೆ ಅಡ್ಡಾದಿಡ್ಡಿ ತಿರುಗಿಸುತ್ತ ಬರಬೇಕಾದ್ದರಿಂದ ಸ್ಪಿಟ್‌ವೇಗೆ ಮೂರು ಗಂಟೆ, ಅಲ್ಲಿಂದ ಬರ್ನಮ್‌ಗೆ ಇನ್ನೂ ಮೂರು ಗಂಟೆ ಬೇಕು. ಉಬ್ಬರ ಅಷ್ಟರೊಳಗೆ ಮುಗಿದೇ ಹೋಗುತ್ತದೆ. ಹೊರಟ ಮೂರೂವರೆ ಗಂಟೆಗೂ ಸ್ಪಿಟ್‌ವೇ ದಾಟಿಲ್ಲವಾದರೆ ಎಂಜಿನ್ ಹಚ್ಚುವುದು ನನ್ನ ನಿಯಮ. ಶುದ್ಧ ಹಾಯಿವಾದಿಗಳು ನಗಲಿ. ಹಲವು ದೋಣಿಗಳು ಜೊತೆಗಿದ್ದರೆ ಈ ಗಡುವನ್ನು ಅತಿ ನಿಧಾನದ ದೋಣಿಗೆ ಹಾಕಬೇಕು.

ಮೂರಿಂಗ್ ಹಿಡಿಯುವಾಗ ಹರಿವಿಗೆ ಎದುರಾಗಿಯೇ ಬರಬೇಕು. ಉಬ್ಬರ ಇನ್ನೂ ಓಡುತ್ತಿದ್ದು ನೈರುತ್ಯದ ಗಾಳಿಯಿದ್ದರೆ, ಹರಿವಿಗೆದುರಾದ ದೋಣಿಗೆ ಗಾಳಿ ಹಿಂದಿನಿಂದ. ದೊಡ್ಡ ಹಾಯಿ ಇದ್ದರೆ ದೋಣಿ ನಿಲ್ಲುವುದೇ ಇಲ್ಲ. ಅದನ್ನು ಮೊದಲೇ ಇಳಿಸಿ, ಮುಂದಿನ ಹಾಯಿ ಒಂದರಲ್ಲೇ ಬಂದು, ಬೋಯಾಕ್ಕೆ ಮೂರು ದೋಣಿಯುದ್ದ ಇರುವಾಗ ಅದನ್ನೂ ಸುತ್ತಿಬಿಡಿ.